ಚಿಕ್ಕಪೇಟೆ ಮನೆಯ ಗೋಡೆ ಕೊರೆದರೆ ಒಳಗೆ ಐದು ಥರದ ಪದರ: ಇದು ಏನು, ಕೆಡವಬೇಕಾ?

ಚಿಕ್ಕಪೇಟೆ ಮೊಮ್ಮಗಳು

ಎಲ್ಲರಿಗೂ ನಮಸ್ಕಾರ. ತುಮಕೂರಿನ ಚಿಕ್ಕಪೇಟೆಯಲ್ಲಿ ನಮ್ಮ ತಾತ ಕಟ್ಟಿಸಿದ ಮನೆ ಇದೆ. ಅಮ್ಮ ಅಲ್ಲೇ ಇದ್ದಾರೆ. ವೈರಿಂಗ್ ಹಳೆಯದಾಗಿದೆ, ಬದಲಾಯಿಸೋಣ ಅಂತ ಹೋದ ವಾರ ಕೆಲಸ ಶುರು ಮಾಡಿಸಿದೆ. ನಡುಮನೆ ಗೋಡೆಗೆ ಕಟರ್ ಹಚ್ಚಿ ಎರಡು ಅಡಿ ಕೊರೆದಿರಬೇಕು, ಪ್ಲಾಸ್ಟರು ಹಪ್ಪಳದ ಹಾಗೆ ಎದ್ದು, ತಲೆದಿಂಬಿನಷ್ಟು ಅಗಲ ಕಳಚಿ ಬಿತ್ತು. ಒಳಗೆ ಕಂಡಿದ್ದನ್ನು ನೋಡಿ ಕೆಲಸ ನಿಲ್ಲಿಸಿದ್ದೇನೆ.

ಹೊರಗಿನಿಂದ ಒಳಕ್ಕೆ ಹೇಳ್ತೀನಿ. ಮೊದಲು ಎಮಲ್ಷನ್ ಬಣ್ಣ. ಅದರ ಹಿಂದೆ ಮುಕ್ಕಾಲು ಇಂಚು ಬೂದು ಗಾರೆ. ಇದು ಸಿಮೆಂಟ್ ಅಂತ ನನಗೂ ಗೊತ್ತು, 1980ರ ಸುಮಾರಿಗೆ ಅಪ್ಪ ಹಾಕಿಸಿದ್ದು. ಅದರ ಹಿಂದೆ ಬಿಳಿ, ತಿಳಿ ನೀಲಿ, ಮತ್ತೆ ಬಿಳಿ, ಹೀಗೆ ಪುಸ್ತಕದ ಹಾಳೆಗಳ ಥರ ತೆಳು ಪದರಗಳು. ಆಮೇಲೆ ಅರ್ಧ ಇಂಚು ದಪ್ಪದ ಗುಲಾಬಿ ಬಣ್ಣದ ಗಾರೆ, ಒಳಗೆ ಕೆಂಪು ಚೂರುಗಳಿವೆ. ಅದರ ಹಿಂದೆ ಹುಲ್ಲಿನ ಎಳೆ ಸೇರಿದ ಕೆಂಪು ಮಣ್ಣು. ನೆಲದಿಂದ ಮೂರಡಿವರೆಗೆ ಮಾತ್ರ ಕಲ್ಲು. ಬಾಗಿಲ ಹತ್ತಿರ ಅಳೆದೆ, ಗೋಡೆಯ ದಪ್ಪ ಒಂದೂಮುಕ್ಕಾಲು ಅಡಿ.

ಕೆಳಗಿನ ಎರಡಡಿ ಯಾವಾಗಲೂ ಪಸೆ. ಬಿಳಿ ಉಪ್ಪು ಹೊಡೆಯುತ್ತೆ. ಮೂರು ಸಲ ಬಣ್ಣ ಬಳಿಸಿದ್ದೀವಿ, ಮೂರು ಸಲವೂ ಉದುರಿದೆ. ಕಂಟ್ರಾಕ್ಟರ್ "ಮಣ್ಣಿನ ಗೋಡೆ ಮೇಡಂ, ಸತ್ತುಹೋಗಿದೆ, ಕೆಡವಿ ಸಾಲಿಡ್ ಬ್ಲಾಕಲ್ಲಿ ಕಟ್ಟೋಣ" ಅಂತಾರೆ. ಪಕ್ಕದ ಮನೆಯವರು ಒಳಗಿರೋದು ಜಂಬಿಟ್ಟಿಗೆ ಅನ್ನೋ ಕೆಂಪು ಕಲ್ಲು, ಗಟ್ಟಿ ಇರುತ್ತೆ ಅಂತಾರೆ.

ಇನ್ನೊಂದು. ಬಚ್ಚಲಮನೆಗೆ ಅಡ್ಡ ಮಾಡಿದ ಗೋಡೆ ಬೂದು ಬಣ್ಣದ ಶೀಟಿನದು. ಬಣ್ಣ ಬಳಿದಿದ್ದರಿಂದ ಇಷ್ಟು ದಿನ ಗೊತ್ತೇ ಆಗಿರಲಿಲ್ಲ. ಒಂದು ಮೂಲೆ ಮುರಿದಿದೆ, ಅಂಚಲ್ಲಿ ಕೂದಲಿನಂಥ ಎಳೆ ಕಾಣುತ್ತಿದೆ.

ಅಮ್ಮ ಮದುವೆಯಾಗಿ ಬಂದಾಗಿನಿಂದ ಈ ಮನೆಯಲ್ಲೇ ಇದ್ದಾರೆ. ಕೆಡವೋ ಮಾತು ಕೇಳಿ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ಗೊತ್ತಿರೋರು ದಯವಿಟ್ಟು ಹೇಳಿ.

ಸಿವಿಲ್ ಓದಿದವಳು, ಕೋಲಾರ

ಮೊದಲು ಆ ಶೀಟಿನ ವಿಷಯ, ಉಳಿದದ್ದು ಆಮೇಲೆ. ಅದನ್ನು ಯಾರೂ ಕೊರೆಯಬೇಡಿ, ಮುರಿಯಬೇಡಿ, ಕಟರನ್ನಂತೂ ಹತ್ತಿರಕ್ಕೂ ತರಬೇಡಿ. ಅದು ಕಲ್ನಾರು ಇರಬಹುದು. ನಮ್ಮ ಕಡೆ ಆಸ್ಬೆಸ್ಟಾಸ್ ಶೀಟು, ಎಸಿ ಶೀಟು, ಸಿಮೆಂಟ್ ಶೀಟು ಅಂತೆಲ್ಲ ಕರೆಯುತ್ತೇವಲ್ಲ, ಅದೇ.

ಶೀಟು ಸುಮ್ನೆ ನಿಂತಿದ್ದರೆ ಎಳೆಗಳು ಸಿಮೆಂಟಿನೊಳಗೆ ಹಿಡಿದಿರುತ್ತವೆ. ಗರಗಸ ಹಚ್ಚಿದಾಗ, ಡ್ರಿಲ್ ಹಾಕಿದಾಗ, ಸುತ್ತಿಗೆಯಿಂದ ಹೊಡೆದಾಗ ಪುಡಿಯ ಜೊತೆ ಗಾಳಿಗೆ ಬರುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣ ಎಳೆ ಶ್ವಾಸಕೋಶದಲ್ಲಿ ಕೂತರೆ ಹೊರಗೆ ಬರಲ್ಲ. ಕಾಯಿಲೆ ಕಾಣಿಸೋದು 20, 30, 40 ವರ್ಷ ಆದ ಮೇಲೆ. ಕಲ್ನಾರು ಕ್ಯಾನ್ಸರ್ ತರುತ್ತೆ ಅನ್ನೋದು ಖಚಿತವಾಗಿರುವ ವಿಷಯ. 50ಕ್ಕೂ ಹೆಚ್ಚು ದೇಶಗಳು ಇದನ್ನು ನಿಷೇಧಿಸಿವೆ. ನಮ್ಮಲ್ಲಿ ಶೀಟು ಈಗಲೂ ಅಂಗಡಿಯಲ್ಲಿ ಸಿಗುತ್ತೆ, ಹಾಗಾಗಿ ಜನ ಹೆದರಲ್ಲ. ನಿಮ್ಮ ಮನೆಗೆ ಬಂದ ಹುಡುಗರಿಗೂ ಇದನ್ನು ಹೇಳಿ. ಧೂಳು ಕುಡಿಯೋದು ಅವರು.

ನೋಡಿದ ಮಾತ್ರಕ್ಕೆ ಇದು ಕಲ್ನಾರೇ ಅಂತ ಹೇಳೋಕೆ ಆಗಲ್ಲ. ಬೇರೆ ನಾರು ಹಾಕಿದ ಸಿಮೆಂಟ್ ಬೋರ್ಡೂ ಹೀಗೇ ಕಾಣುತ್ತೆ. ಸೂಕ್ಷ್ಮದರ್ಶಕ ಇಟ್ಟು ನೋಡುವ ಲ್ಯಾಬ್ ಬೇಕು. ಅಲ್ಲಿವರೆಗೆ ಮುರಿದ ಮೂಲೆಗೆ ನೀರು ಚಿಮುಕಿಸಿ ಒದ್ದೆ ಮಾಡಿ, ಅಗಲದ ಟೇಪ್ ಅಂಟಿಸಿ. ಕೆಳಗೆ ಬಿದ್ದ ಪುಡಿಯನ್ನು ಗುಡಿಸಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನೂ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ.

ಗಾರೆ ಮೇಸ್ತ್ರಿ, ಶಿರಾ

ಅಕ್ಕಾ, ನಾನು ಗಾರೆ ಕೆಲಸದವನು. ನಮ್ಮಪ್ಪನೂ ಇದೇ ಕೆಲಸ ಮಾಡಿದವರು. ನೀವು ಬರೆದಿದ್ದನ್ನು ಓದಿದರೆ ನನಗೆ ಗೋಡೆ ಕಣ್ಣಿಗೆ ಕಟ್ಟಿದ ಹಾಗಾಯ್ತು.

ಜಂಬಿಟ್ಟಿಗೆ ಅಲ್ಲ. ಅದು ಕರಾವಳಿ, ಮಲೆನಾಡಿನ ಕಡೆ. ಅದಕ್ಕೆ ಜೇನುಗೂಡಿನ ಥರ ತೂತು ಇರುತ್ತೆ, ತುಕ್ಕಿನ ಬಣ್ಣ ಇರುತ್ತೆ. ಹುಲ್ಲು ಎಲ್ಲಿಂದ ಬರಬೇಕು ಅದರಲ್ಲಿ?

ನಿಮ್ಮದು ಮಣ್ಣಿನ ಗೋಡೆಯೇ. ಆದರೆ ಮಣ್ಣಿನ ಗೋಡೆಯಲ್ಲೂ ಎರಡು ಥರ ಇದೆ. ಒಂದು ಮುದ್ದೆ ಗೋಡೆ. ಮಣ್ಣು ನೆನೆಹಾಕಿ, ತುಳಿದು, ಹದ ಬಂದ ಮೇಲೆ ಮುದ್ದೆ ಮಾಡಿ ಇಡ್ತಾ ಹೋಗೋದು. ಒಂದೊಂದು ವರಸೆ ಎಬ್ಬಿಸಿ, ಅದು ಒಣಗಿದ ಮೇಲೆ ಮುಂದಿನ ವರಸೆ. ಇನ್ನೊಂದು ಹಸಿ ಇಟ್ಟಿಗೆ. ಅಚ್ಚಿಗೆ ಹಾಕಿ ಬಿಸಿಲಲ್ಲಿ ಒಣಗಿಸಿದ್ದು, ಸುಟ್ಟಿರಲ್ಲ. ಟಾರ್ಚನ್ನು ಗೋಡೆಗೆ ಒರಗಿಸಿ ಅಡ್ಡಲಾಗಿ ಬೆಳಕು ಬಿಡಿ. ನಾಲ್ಕೈದು ಇಂಚಿಗೊಂದು ಗೆರೆ ಕಂಡರೆ ಹಸಿ ಇಟ್ಟಿಗೆ. ಒಂದು ಒಂದೂವರೆ ಅಡಿಗೆ ಒಂದೇ ಗೆರೆ ಇದ್ದರೆ ಮುದ್ದೆ ಗೋಡೆ. ಇದು ಯಾಕೆ ಮುಖ್ಯ ಅಂದರೆ ಹಸಿ ಇಟ್ಟಿಗೆ ಹಾಳಾದ ಕಡೆ ನಾಲ್ಕು ತೆಗೆದು ನಾಲ್ಕು ಹೊಸದು ಕೂರಿಸಬಹುದು. ಮುದ್ದೆ ಗೋಡೆಗೆ ತೇಪೆ ಹಾಕೋದು ಕಷ್ಟದ ಕೆಲಸ.

ಗುಲಾಬಿ ಗಾರೆ ಸುಣ್ಣ, ಇಟ್ಟಿಗೆ ಪುಡಿ ಸೇರಿಸಿ ಅರೆದಿದ್ದು. ಸುರ್ಕಿ ಗಾರೆ ಅಂತೀವಿ. ಕೆಂಪು ಚೂರು ಅದೇ ಇಟ್ಟಿಗೆಯದು. ಗಾಣದಲ್ಲಿ ಅರೀತಿದ್ದರು. ಗುಂಡಗೆ ಕಲ್ಲು ಕಟ್ಟಿದ ಕಾಲುವೆ, ಅದರಲ್ಲಿ ಉರುಳೋ ಒಂದು ಕಲ್ಲಿನ ಚಕ್ರ, ಎತ್ತು ಕಟ್ಟಿ ಸುತ್ತಿಸೋದು. ಆ ಚಕ್ರ ನಮ್ಮೂರ ದೇವಸ್ಥಾನದ ಹಿಂದೆ ಇವತ್ತಿಗೂ ಬಿದ್ದಿದೆ. ಮಕ್ಕಳು ಅದರ ಮೇಲೆ ಕೂತು ಆಟ ಆಡ್ತಾರೆ. ಅರೆಯುವಾಗ ಅಳಲೆಕಾಯಿ ನೆನೆಸಿದ ನೀರು, ಬೆಲ್ಲದ ನೀರು ಹಾಕ್ತಿದ್ದರು ಅಂತ ಅಪ್ಪ ಹೇಳ್ತಿದ್ದರು. ಕೃಷ್ಣರಾಜಸಾಗರದ ಅಣೆಕಟ್ಟು ಕಟ್ಟಿದ್ದೂ ಸುರ್ಕಿ ಗಾರೆಯಲ್ಲೇ. ಸತ್ತ ಗೋಡೆ ಅಂತ ಹೇಳಿದವರಿಗೆ ಅದನ್ನು ತೋರಿಸಿ.

ಸಿವಿಲ್ ಓದಿದವಳು, ಕೋಲಾರ

ಮೇಸ್ತ್ರಿ ಅಣ್ಣ ಹೇಳಿದ್ದಕ್ಕೆ ಕಾರಣ ಸೇರಿಸ್ತೀನಿ. ಬರೀ ಸುಣ್ಣ ಗಟ್ಟಿಯಾಗೋದು ಗಾಳಿಯಲ್ಲಿರೋ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು, ನಿಧಾನವಾಗಿ. ಹದವಾಗಿ ಸುಟ್ಟ ಇಟ್ಟಿಗೆಯ ಪುಡಿ ಸೇರಿದರೆ ಅದು ಸುಣ್ಣದ ಜೊತೆ ಬೆರೆತು ನೀರಲ್ಲೂ ಗಟ್ಟಿಯಾಗುತ್ತೆ. ಅಣೆಕಟ್ಟಿಗೆ ಬಳಸಿದ್ದು ಇದೇ ಗುಣಕ್ಕೆ. ನಮ್ಮ ದೇಶದಲ್ಲಿ ಸಿಮೆಂಟ್ ತಯಾರಿಕೆ ನೆಲೆ ಕಂಡಿದ್ದೇ 1914ರಲ್ಲಿ, ಪೋರಬಂದರಿನಲ್ಲಿ. ಊರೂರಿಗೆ ಸಿಮೆಂಟ್ ಮೂಟೆ ಬರೋಕೆ ಇನ್ನೂ ಎಷ್ಟೋ ವರ್ಷ ಹಿಡೀತು.

ಮನೆಯಲ್ಲೇ ಮಾಡೋ ಪರೀಕ್ಷೆ ಹೇಳ್ತೀನಿ. ಮೂರು ಲೋಟದಲ್ಲಿ ನೀರು ತಗೊಳ್ಳಿ. ಬೂದು ಗಾರೆ, ಗುಲಾಬಿ ಗಾರೆ, ಮಣ್ಣು, ಒಂದೊಂದು ಚೂರು ಹಾಕಿ ರಾತ್ರಿಯಿಡೀ ಬಿಡಿ. ಇನ್ನೊಂದಷ್ಟು ಚೂರಿನ ಮೇಲೆ ಮೊಳೆಯಿಂದ ಗೀರಿ, ನಿಂಬೆಹಣ್ಣು ಹಿಂಡಿ. ನಿಂಬೆರಸಕ್ಕೆ ನೊರೆ ಬಂದರೆ ಸುಣ್ಣ ಇದೆ ಅಂತ. ಆದರೆ ಹಳೇ ಸಿಮೆಂಟಿಗೂ ಸ್ವಲ್ಪ ನೊರೆ ಬರುತ್ತೆ, ಅದೊಂದನ್ನೇ ನಂಬಬೇಡಿ. ಕಕ್ಕಸು ತೊಳೆಯೋ ಆಸಿಡ್ ಹಾಕಿ ನೋಡಿ ಅಂತ ಯಾರಾದರೂ ಹೇಳಿದರೆ ಬೇಡ. ನಿಂಬೆಹಣ್ಣು ಸಾಕು.

ಮಣ್ಣಿಗೆ ಬೇರೆ ಪರೀಕ್ಷೆ. ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಪುಡಿ ಮಾಡಿದ ಮಣ್ಣು, ಚಿಟಿಕೆ ಉಪ್ಪು, ಉಳಿದದ್ದು ನೀರು. ಚೆನ್ನಾಗಿ ಕುಲುಕಿ ಅಲುಗಾಡಿಸದೆ ಇಡಿ. ಮರಳು ಒಂದು ನಿಮಿಷದೊಳಗೆ ತಳ ಸೇರುತ್ತೆ. ಅದರ ಮೇಲೆ ನಯವಾದ ಮಣ್ಣು ಕೂರುತ್ತೆ. ಜೇಡಿ ಕೂರೋಕೆ ಒಂದು ದಿನವೇ ಬೇಕು.

ಇನ್ನೊಂದು ಪ್ರಶ್ನೆ. ಮನೆ ಮುಂದಿನ ರಸ್ತೆ ಮೊದಲಿಗಿಂತ ಎತ್ತರ ಆಗಿದೆಯಾ?

ಮಾಲೂರು ಇಟ್ಟಿಗೆ

ಚಾವಣಿ ಯಾವುದು ಅಂತ ಹೇಳಲಿಲ್ಲ. ತಲೆ ಎತ್ತಿ ನೋಡಿ, ಮರದ ತೊಲೆಗಳ ನಡುವೆ ತೆಳು ಇಟ್ಟಿಗೆ ಅಂಚಿನ ಮೇಲೆ ನಿಲ್ಲಿಸಿ ಓರೆಯಾಗಿ ಜೋಡಿಸಿದ್ದಾರಾ? ಹಾಗಿದ್ದರೆ ಮದ್ರಾಸ್ ತಾರಸಿ. ಅದರ ಮೇಲೆ ಇಟ್ಟಿಗೆ ಜಲ್ಲಿ, ಸುಣ್ಣ ಹಾಕಿ ಬಡಿದಿರ್ತಾರೆ. ಆ ಇಟ್ಟಿಗೆ ಒಂದು ಇಂಚಿನಷ್ಟೇ ದಪ್ಪ ಇರುತ್ತೆ, ಈಗಿನ ಇಟ್ಟಿಗೆ ಥರ ಅಲ್ಲ. ಒಂದು ಬಿದ್ದಿದ್ದರೂ ಎಸೀಬೇಡಿ, ರಿಪೇರಿಗೆ ಬೇಕಾಗುತ್ತೆ. ಹೊಸದಾಗಿ ಮಾಡಿಸೋದು ತುಂಬಾ ಕಷ್ಟ.

ಪಾವಗಡ ಮಾಳಿಗೆ

ನಮ್ಮ ಕಡೆ ತಾರಸಿ ಕಡಿಮೆ, ಮಾಳಿಗೆ ಜಾಸ್ತಿ. ತೊಲೆ, ಅದರ ಮೇಲೆ ಜಂತೆ ಅನ್ನೋ ಸಣ್ಣ ಮರಗಳು, ಅದರ ಮೇಲೆ 'ಬಂದರೆ' ಅನ್ನೋ ಗಿಡದ ಸೊಪ್ಪು, ಕೊನೆಗೆ ಚೌಳು ಮಣ್ಣು. ಮಾಳಿಗೆ ಮನೆ ಇರೋರು ಒಂದು ನೆನಪಿಡಿ. ಮೇಲಿನ ಮಣ್ಣು ಎಲ್ಲಿಯದಾದರೂ ಆಗುತ್ತೆ ಅಂತ ತೋಟದ ಮಣ್ಣು ಹಾಕಬೇಡಿ. ಚೌಳು ಮಣ್ಣಲ್ಲಿ ಸೋಡಿಯಂ ಉಪ್ಪು ಜಾಸ್ತಿ. ಒದ್ದೆಯಾದಾಗ ಅದರ ಜೇಡಿ ಬಿಡಿಸಿಕೊಂಡು ಸಂದುಗಳನ್ನೆಲ್ಲ ಮುಚ್ಚಿಬಿಡುತ್ತೆ, ನೀರು ಇಳಿಯಲ್ಲ. ಬೆಳೆ ಬಾರದ ಮಣ್ಣು ಅಂತ ಬೈತಿದ್ದ ಮಣ್ಣೇ ಮನೆ ಕಾಯ್ತಿತ್ತು.

ಚಿಕ್ಕಪೇಟೆ ಮೊಮ್ಮಗಳು

ಎಲ್ಲವನ್ನೂ ಮಾಡಿ ನೋಡಿದೆ. ಒಂದೊಂದಾಗಿ ಹೇಳ್ತೀನಿ.

ಲೋಟದಲ್ಲಿ ಮಣ್ಣಿನ ಚೂರು ಕಾಲು ಗಂಟೆ ತಡೀಲಿಲ್ಲ. ಮೊದಲು ಗುಳ್ಳೆ ಬಿಟ್ಟಿತು, ಆಮೇಲೆ ಅಂಚು ಜಾರಿ ರಾಗಿ ಹಿಟ್ಟಿನ ಥರ ತಳಕ್ಕೆ ಕೂತಿತು. ಹುಲ್ಲಿನ ಎಳೆ ಮೇಲೆ ತೇಲಿತು. ಒಂದನ್ನು ಎತ್ತಿ ಅಮ್ಮನಿಗೆ ತೋರಿಸಿದೆ, ರಾಗಿ ಹುಲ್ಲು ಅಂದರು. ಗುಲಾಬಿ ಗಾರೆ ಬೆಳಗ್ಗೆವರೆಗೂ ಹಾಗೇ ಇತ್ತು. ಅದರ ಮೇಲೆ ಮೊಳೆ ಎಳೆದರೆ ಗೀರು ಬಿದ್ದು ಸಣ್ಣ ಪುಡಿ ಬರುತ್ತೆ. ಬೂದು ಗಾರೆ ಮೇಲೆ ಮೊಳೆ ಜಾರುತ್ತೆ. ನಿಂಬೆರಸ ಬಿದ್ದಾಗ ಗುಲಾಬಿ ಚೂರನ್ನು ಕಿವಿ ಹತ್ತಿರ ಹಿಡಿದೆ, ಚುರ್ ಅನ್ನೋ ಸದ್ದು ಕೇಳಿಸಿತು.

ಬಾಟಲಿಯಲ್ಲಿ ಒಟ್ಟು ನಾಲ್ಕು ಇಂಚು ಕೂತಿದೆ. ಎರಡೂವರೆ ಇಂಚು ಮರಳು, ಅರ್ಧ ಇಂಚು ನಯವಾದ ಮಣ್ಣು, ಮೇಲೆ ಒಂದು ಇಂಚು ಜೇಡಿ. ಟಾರ್ಚ್ ಬೆಳಕಿಗೆ ನಾಲ್ಕು ಇಂಚಿಗೊಂದು ಗೆರೆ ಕಂಡಿತು, ಅಂದರೆ ಹಸಿ ಇಟ್ಟಿಗೆ, ಅಲ್ವಾ? ಚಾವಣಿ ಮಾಲೂರಿನವರು ಹೇಳಿದ್ದೇ. ಓರೆ ಇಟ್ಟಿಗೆ, ಮೇಲೆ ಸುಣ್ಣ ಬಳಿದಿದ್ದಾರೆ.

ರಸ್ತೆ ಪ್ರಶ್ನೆ ಕೇಳಿ ಅಮ್ಮ ತಕ್ಷಣ ಹೇಳಿದರು. ಅವರು ಬಂದಾಗ ಜಗುಲಿಗೆ ಮೂರು ಮೆಟ್ಟಿಲಿದ್ದವಂತೆ. ಈಗ ಇರೋದು ಒಂದೇ. ಟಾರಿನ ಮೇಲೆ ಟಾರು ಹಾಕಿ ಉಳಿದೆರಡು ಮುಚ್ಚಿಹೋಗಿವೆ. ನಾನು ಹುಟ್ಟಿದಾಗಿನಿಂದ ನೋಡಿದ್ದೇ ಒಂದು ಮೆಟ್ಟಿಲು, ಯೋಚನೆಯೇ ಬಂದಿರಲಿಲ್ಲ.

ಇನ್ನು ಆ ತೆಳು ಪದರ. ಒಂದು ಚೂರಿನ ಅಂಚನ್ನು ಒದ್ದೆ ಮಾಡಿ ಭೂತಗನ್ನಡಿ ಹಿಡಿದು ಎಣಿಸಿದೆವು. 31 ಸಿಕ್ಕಿತು. ಪ್ರತಿ ವರ್ಷ ಯುಗಾದಿಗೆ ಮುಂಚೆ ಸುಣ್ಣ ಬಳೀತಿದ್ದರಂತೆ. ನೀಲಿ ಪುಡಿ ಸೇರಿಸೋದು ನಮ್ಮ ಅಜ್ಜಿಗೆ ಇಷ್ಟ ಇತ್ತಂತೆ. ಸಿಮೆಂಟ್ ಇನ್ನೊಂದಷ್ಟು ಕಳಚಿ ಬಿದ್ದಾಗ ಅದರ ಹಿಂದಿನ ಸುಣ್ಣದ ಮೇಲೆ ಇದ್ದಿಲಿನ ಗೆರೆಗಳು ಕಂಡವು. ನಾಲ್ಕು ನೆಟ್ಟಗೆ, ಒಂದು ಅಡ್ಡ. ಹಾಗೇ ಆರು ಗುಂಪು. ಅಮ್ಮ ಅದರ ಮೇಲೆ ಬೆರಳಾಡಿಸಿ "ಇದು ಅತ್ತೆ ಬರೆದ ಹಾಲಿನ ಲೆಕ್ಕ" ಅಂದರು.

ಸಿವಿಲ್ ಓದಿದವಳು, ಕೋಲಾರ

ಕಾಲು ಭಾಗ ಜೇಡಿ, ಅರ್ಧಕ್ಕಿಂತ ಜಾಸ್ತಿ ಮರಳು. ಮಣ್ಣಿನ ಗೋಡೆಗೆ ಇದು ಒಳ್ಳೆಯ ಹದ. ಜೇಡಿ ಹೆಚ್ಚಾದರೆ ಬಿರುಕು, ಕಡಿಮೆಯಾದರೆ ಉದುರು. ನಿಮ್ಮ ತಾತನಿಗೆ ಕಟ್ಟಿಕೊಟ್ಟವರಿಗೆ ಕೆಲಸ ಗೊತ್ತಿತ್ತು.

ಪಸೆಯ ಕಾರಣವೂ ಈಗ ಸಿಕ್ಕಿತು. ರಸ್ತೆ ಏರಿದ್ದರಿಂದ ಮಳೆನೀರು ತಳಪಾಯದ ಪಕ್ಕದಲ್ಲೇ ನಿಂತು ಇಂಗುತ್ತೆ. ಕಲ್ಲು ನೀರು ಹೀರಲ್ಲ, ಕಲ್ಲಿನ ಸಂದಿನ ಮಣ್ಣು ಹೀರುತ್ತೆ, ದೀಪದ ಬತ್ತಿ ಎಣ್ಣೆ ಎಳೆದ ಹಾಗೆ. ಮೊದಲು ಆ ನೀರು ಸುಣ್ಣದ ಗಾರೆಯ ಮೂಲಕ ಆರಿಹೋಗುತ್ತಿತ್ತು. ಸುಣ್ಣದಲ್ಲಿ ಆವಿ ಹಾಯುತ್ತೆ. ಸಿಮೆಂಟ್ ಬಳಿದ ಮೇಲೆ ಆ ದಾರಿ ಮುಚ್ಚಿತು, ಅದರ ಮೇಲೆ ಎಮಲ್ಷನ್ ಇನ್ನೊಂದು ಮುಚ್ಚಳ. ಆರೋಕೆ ಜಾಗ ಇಲ್ಲದ ನೀರು ಮೇಲೆ ಮೇಲೆ ಏರುತ್ತೆ. ಎಲ್ಲಿ ಬಿರುಕು ಸಿಗುತ್ತೋ ಅಲ್ಲಿ ಹೊರಬಂದು ಉಪ್ಪು ಬಿಟ್ಟುಹೋಗುತ್ತೆ. ಉಪ್ಪು ಹರಳಾಗಿ ಊದಿ ಬಣ್ಣವನ್ನು ತಳ್ಳುತ್ತೆ. ನಿಮ್ಮ ಅಪ್ಪನ ತಪ್ಪೇನೂ ಇಲ್ಲ. ಆಗ ಎಲ್ಲರೂ ಗಟ್ಟಿ ಅಂತ ಅದನ್ನೇ ಹಾಕಿಸಿದರು, ನಮ್ಮ ಮನೆಯಲ್ಲೂ ಹಾಕಿಸಿದ್ದಾರೆ.

ಗೋಡೆ ಸತ್ತಿಲ್ಲ, ಉಸಿರು ಕಟ್ಟಿದೆ ಅಷ್ಟೇ. ದಯವಿಟ್ಟು ಕೆಡವಬೇಡಿ. ವೈರಿಂಗಿಗೆ ಗೋಡೆ ಕೊರೆಯೋದನ್ನೂ ಬಿಡಿ, ಪೈಪನ್ನು ಗೋಡೆಯ ಮೇಲೇ ಓಡಿಸಿ. ನೋಡಲು ಸ್ವಲ್ಪ ಹೆಚ್ಚುಕಡಿಮೆ ಇರಬಹುದು, ಹಸಿ ಇಟ್ಟಿಗೆಗೆ ಗಾಯ ಆಗಲ್ಲ.

ಬಾಗಿಲು ಕಿಟಕಿಗೆ ಹಳೇ ಹಸಿರು ಎಣ್ಣೆ ಬಣ್ಣ ಇದ್ದರೆ ಒಣಗಿದ್ದಾಗ ಉಜ್ಜುಕಾಗದ ಹಚ್ಚಬೇಡಿ. ಹಳೇ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಲ್ಲಿ 90 ಪಾಲು) ಮೀರಬಾರದು ಅನ್ನೋ ನಿಯಮ ಜಾರಿಗೆ ಬಂದಿದ್ದು 2017ರ ನವೆಂಬರ್ 1ರಿಂದ. ಚಿಕ್ಕ ಮಕ್ಕಳು ಓಡಾಡೋ ಮನೆಯಾದರೆ ಇನ್ನೂ ಎಚ್ಚರ ಬೇಕು. ಒದ್ದೆ ಮಾಡಿ ಕೆರೆಯಿರಿ.

ಚಿಂತಾಮಣಿ ಕಡೆಯವನು

ನಾವು ಕೆಡವಿದವರು, ಅದಕ್ಕೇ ಬರೀತಿದ್ದೀನಿ. ನಮ್ಮದೂ ಇಂಥದ್ದೇ ಗೋಡೆ, ಇದೇ ಪಸೆ. ಯಾರೂ ಹೀಗೆ ಬಿಡಿಸಿ ಹೇಳಲಿಲ್ಲ. ಜೆಸಿಬಿ ಬಂದಾಗ ಸತ್ತ ಗೋಡೆ ಸುಲಭಕ್ಕೆ ಬೀಳಲಿಲ್ಲ, ಅರ್ಧ ದಿನ ಹಿಡೀತು. ಅಪ್ಪ ರಸ್ತೆಯಾಚೆ ನಿಂತು ನೋಡ್ತಿದ್ದರು. ಈಗ ಬ್ಲಾಕಿನ ಮನೆಯಲ್ಲಿ ಏಪ್ರಿಲ್ ಬಂತೆಂದರೆ ರಾತ್ರಿ ಹತ್ತಾದರೂ ಗೋಡೆ ಮುಟ್ಟಿದರೆ ಬಿಸಿ. ಪಸೆ ಮತ್ತೆ ಬಂದಿದೆ, ಚರಂಡಿ ನೀರನ್ನು ನಾವು ಸರಿ ಮಾಡಿಸಿರಲೇ ಇಲ್ಲ.

ದನದ ಕೊಟ್ಟಿಗೆ ಮಾತ್ರ ಉಳಿದಿದೆ. ಅದರ ಗೋಡೆ ನಿಲ್ಲಿಸಿದ ಚಪ್ಪಡಿ ಕಲ್ಲಿನದು. ಅದಕ್ಕೆ ಪ್ಲಾಸ್ಟರ್ ನಿಲ್ಲುತ್ತಿಲ್ಲ. ಏನು ಮಾಡಬಹುದು?

ಗಾರೆ ಮೇಸ್ತ್ರಿ, ಶಿರಾ

ಚಪ್ಪಡಿಗೆ ಪ್ಲಾಸ್ಟರ್ ಯಾಕೆ ಅಣ್ಣ? ಸೀಳಿದ ಕಲ್ಲಿನ ಮುಖ ನುಣುಪು, ಗಾರೆಗೆ ಹಿಡಿತ ಸಿಗಲ್ಲ. ಸಂದುಗಳಿಗೆ ಮಾತ್ರ ಗಾರೆ ತುಂಬಿ ಕಲ್ಲನ್ನು ಹಾಗೇ ಬಿಡಿ. ಎಷ್ಟು ಚಂದ ಇರುತ್ತೆ.

ಶಿಡ್ಲಘಟ್ಟ

ಕಲ್ಲಿನ ಮಾತು ಬಂದಿದ್ದಕ್ಕೆ ಕೇಳ್ತೀನಿ. ನಮ್ಮ ಹಿತ್ತಿಲ ಬಾಗಿಲು ಬಿಚ್ಚಿದಾಗ ಹೊಸ್ತಿಲ ಕೆಳಗಿನ ಕಲ್ಲಲ್ಲಿ ಅಕ್ಷರದಂಥ ಗುರುತು ಕಂಡಿದೆ. ಹಳೇ ಕನ್ನಡ ಇರಬಹುದಾ? ತೊಳೆದು ನೋಡ್ಲಾ?

ಕಲ್ಲಿನ ಅಕ್ಷರ

ಆಸಿಡ್, ತಂತಿ ಬ್ರಷ್ ಯಾವುದೂ ಬೇಡ. ಬರೀ ನೀರು, ಮೆತ್ತನೆಯ ಬ್ರಷ್. ಸಂಜೆ ಹೊತ್ತು ಒಂದು ಪಕ್ಕದಿಂದ ಟಾರ್ಚ್ ಬೆಳಕು ಬಿಟ್ಟು ಫೋಟೋ ತೆಗೀರಿ. ನೇರ ಬೆಳಕಿಗೆ ಕಾಣದ ಅಕ್ಷರ ಓರೆ ಬೆಳಕಿಗೆ ಎದ್ದು ಕಾಣುತ್ತೆ. ಹಾಳಾದ ಗುಡಿಯ ಕಲ್ಲು, ವೀರಗಲ್ಲು, ಶಾಸನ ಮನೆಯ ಗೋಡೆ ಸೇರಿರೋದು ನಮ್ಮ ಕಡೆ ಹೊಸದೇನಲ್ಲ. ಬಿ. ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ ಕೋಲಾರ ಸಂಪುಟ 1905ರಲ್ಲಿ, ತುಮಕೂರಿನದು 1904ರಲ್ಲಿ ಬಂತು. ನಿಮ್ಮ ಚಿಕ್ಕಬಳ್ಳಾಪುರ ಕೋಲಾರದಿಂದ ಬೇರೆ ಜಿಲ್ಲೆ ಆಗಿದ್ದು 2007ರಲ್ಲಿ, ಹಾಗಾಗಿ ನಿಮ್ಮೂರನ್ನು ಕೋಲಾರ ಸಂಪುಟದಲ್ಲಿ ಹುಡುಕಬೇಕು. ಅದರಲ್ಲಿ ಇಲ್ಲದ ಕಲ್ಲೂ ಇರಬಹುದು. ಪುರಾತತ್ವ ಇಲಾಖೆಗೆ ಒಂದು ಮಾತು ತಿಳಿಸಿ. ಕಲ್ಲನ್ನು ಮಾತ್ರ ಕಿತ್ತು ಜಾಗ ಬದಲಿಸಬೇಡಿ.

ಚಿಕ್ಕಪೇಟೆ ಮೊಮ್ಮಗಳು

ಎರಡೂವರೆ ತಿಂಗಳಾದ ಮೇಲೆ ಬರೀತಿದ್ದೀನಿ, ಕ್ಷಮಿಸಿ.

ಶೀಟಿನ ಚೂರನ್ನು ಒದ್ದೆ ಮಾಡಿ, ಎರಡು ಚೀಲದಲ್ಲಿ ಕಟ್ಟಿ ಬೆಂಗಳೂರಿನ ಲ್ಯಾಬಿಗೆ ಕಳಿಸಿದ್ದೆ. ಕಲ್ನಾರೇ. ಬಿಳಿ ಕಲ್ನಾರು, ಕ್ರೈಸೊಟೈಲ್ ಅಂತ ಬರೆದುಕೊಟ್ಟರು. ತುಮಕೂರಿನ ಮಾಲಿನ್ಯ ನಿಯಂತ್ರಣ ಮಂಡಳಿ ಕಚೇರಿಗೆ ಹೋಗಿ ಎಲ್ಲಿ ಹಾಕಬೇಕು ಅಂತ ಕೇಳಿಕೊಂಡೇ ತೆಗೆಸಿದ್ದು. ಒಡೆಯಲಿಲ್ಲ. ಪೂರ್ತಿ ನೆನೆಸಿ, ಬೋಲ್ಟು ಬಿಚ್ಚಿ, ಇಡೀ ಶೀಟನ್ನೇ ದಪ್ಪ ಪ್ಲಾಸ್ಟಿಕ್ಕಲ್ಲಿ ಸುತ್ತಿದರು. ಕೆಲಸದವರಿಗೆ ಸರಿಯಾದ ಮಾಸ್ಕ್ ತಂದುಕೊಟ್ಟೆ. ಅಮ್ಮನನ್ನು ಆ ದಿನ ದೊಡ್ಡಮ್ಮನ ಮನೆಗೆ ಕಳಿಸಿದ್ದೆ.

ಮನೆ ಮುಂದೆ ತಳಪಾಯದ ಉದ್ದಕ್ಕೂ ಕಾಲುವೆ ತೋಡಿ ಜಲ್ಲಿ ತುಂಬಿಸಿದ್ದೇವೆ, ನೀರು ಚರಂಡಿಗೆ ಹೋಗುತ್ತೆ. ನಡುಮನೆಯಲ್ಲಿ ನಾಲ್ಕಡಿವರೆಗೆ ಸಿಮೆಂಟ್ ತೆಗೆಸಿದೆ. ಉಳಿಯಲ್ಲಿ ನಿಧಾನವಾಗಿ, ಕಟರ್ ಇಲ್ಲದೆ. ಬರೀ ಗೋಡೆಯನ್ನು ಆರು ವಾರ ಆರೋಕೆ ಬಿಟ್ಟೆವು. ದಿನಾ ಬೆಳಗ್ಗೆ ಅಮ್ಮ ಅಂಗೈ ಇಟ್ಟು ನೋಡ್ತಿದ್ದರು. ಒಂದು ದಿನ "ಇವತ್ತು ತಣ್ಣಗಿಲ್ಲ ಕಣೇ" ಅಂತ ಫೋನ್ ಮಾಡಿದರು.

ಆಮೇಲೆ ಮೇಸ್ತ್ರಿ ಅಣ್ಣ ಹೇಳಿಕೊಟ್ಟ ಹಾಗೆ ಒಂದು ಪಾಲು ಅರಳಿಸಿದ ಸುಣ್ಣ, ಎರಡು ಪಾಲು ಮರಳು ಮತ್ತು ಇಟ್ಟಿಗೆ ಪುಡಿ ಸೇರಿಸಿ ಮೊದಲ ಕೋಟ್ ಹಾಕಿಸಿದೆ. ಎರಡನೆಯದು ಮೊನ್ನೆ ಆಯಿತು. ಕಿಟಕಿ ಪಕ್ಕ ಕೂದಲೆಳೆಯಂಥ ಬಿರುಕು ಬಂದಿದೆ. ಹೆದರಬೇಕಾ?

ಗಾರೆ ಮೇಸ್ತ್ರಿ, ಶಿರಾ

ಹೆದರಬೇಡಿ ಅಕ್ಕ. ಕಿಟಕಿ ಗಾಳಿಗೆ ಬೇಗ ಒಣಗಿದೆ ಅಷ್ಟೇ. ನೀರು ಚಿಮುಕಿಸಿ, ಮರದ ಹಲಗೆಯಲ್ಲಿ ಒತ್ತಿ ತೀಡಿದರೆ ಬಿರುಕು ಕೂಡಿಕೊಳ್ಳುತ್ತೆ. ಕರಣೆಯಲ್ಲಿ ನುಣುಪು ಮಾಡಬೇಡಿ, ಮುಖ ಮುಚ್ಚಿಹೋಗುತ್ತೆ. ಗೋಣಿಚೀಲ ನೆನೆಸಿ ಕಿಟಕಿಗೆ ಇಳಿಬಿಡಿ, ಒಂದು ವಾರ ದಿನಕ್ಕೆ ಮೂರು ಸಲ ನೀರು ಚಿಮುಕಿಸಿ. ಸುಣ್ಣ ಮುಟ್ಟೋರು ಕೈಗವಸು, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಲಿ. ಕಣ್ಣಿಗೆ ಬಿದ್ದರೆ ಸುಟ್ಟುಬಿಡುತ್ತೆ.

ಆ ಹಾಲಿನ ಲೆಕ್ಕದ ಮೇಲೆ ಯಾರೂ ಗಾರೆ ಎಳೆದಿಲ್ಲ ತಾನೇ?

ಚಿಕ್ಕಪೇಟೆ ಮೊಮ್ಮಗಳು

ಇಲ್ಲ ಅಣ್ಣ. ಅದರ ಮೇಲೆ ಕಾಗದ ಅಂಟಿಸಿ ಕಾಪಾಡಿದ್ದೀವಿ. ಸುತ್ತ ಗಾರೆ ಬಂದಿದೆ, ಅಂಚು ಮಾತ್ರ ಹೇಗೆ ಮುಗಿಸೋದು ಅಂತ ನಮ್ಮ ಮೇಸ್ತ್ರಿಗೆ ಗೊತ್ತಾಗ್ತಿಲ್ಲ.

ಗಾರೆ ಮೇಸ್ತ್ರಿ, ಶಿರಾ

ಹಾಗೇ ಬಿಟ್ಟಿರಿ. ಭಾನುವಾರ ತುಮಕೂರಿಗೆ ಬರೋದಿದೆ, ನಾನೇ ಅಂಚು ಕಟ್ಟಿಕೊಡ್ತೀನಿ. ಅರ್ಧ ಗಂಟೆ ಕೆಲಸ.

ಚಿಕ್ಕಪೇಟೆ ಮೊಮ್ಮಗಳು

ಊಟದ ಹೊತ್ತಿಗೇ ಬರಬೇಕಂತೆ ಅಣ್ಣ. ಅಮ್ಮ ಪಕ್ಕದಲ್ಲೇ ಕೂತು ಹೇಳಿ ಬರೆಸ್ತಿದ್ದಾರೆ.